ಚೊಗರು ಹಚ್ಚಿದ ಗಗನನೌಕೆ

ನಾನು ಹಲ್ಲು ಮಾಡುವವಳು. ಹೀಗೆ ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ತಮಗೇ ಗೊತ್ತಿಲ್ಲದಂತೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಹಲ್ಲಿನ ಆಸ್ಪತ್ರೆ ಇತ್ತು. ಅದರ ಒಳಕೋಣೆಯಲ್ಲಿ ಹದಿನೆಂಟು ವರ್ಷ ಕೂತು, ಮುಖವನ್ನೇ ನೋಡಿರದ ಜನರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದೇನೆ. ಡಾಕ್ಟರು ಹೊರಗೆ ರೋಗಿಯ ಬಾಯಿಂದ ಅಚ್ಚು ತೆಗೆಯುತ್ತಿದ್ದರು. ಅದು ನನ್ನ ಮೇಜಿಗೆ ಬರುತ್ತಿತ್ತು. ಅಚ್ಚಿಗೆ ಪ್ಲಾಸ್ಟರ್ ಹುಯ್ದು ಒಸಡಿನ ಆಕಾರ ತೆಗೆಯುವುದು, ಮೇಣದಲ್ಲಿ ಹಲ್ಲು ನಿಲ್ಲಿಸುವುದು, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬುವುದು ನನ್ನ ಕೆಲಸ. ಹಲ್ಲುಗಳು ಸಣ್ಣ ಹಲಗೆಗೆ ಅಂಟಿಕೊಂಡು ಕಾರ್ಖಾನೆಯಿಂದಲೇ ಬರುತ್ತಿದ್ದವು. ಎಲ್ಲವೂ ಒಂದೇ ಬಿಳುಪು, ಒಂದೇ ಅಳತೆ. ನಾನು ಅವನ್ನು ಸಾಲಾಗಿ ಕೂರಿಸುತ್ತಿದ್ದೆ. ಎಂಬತ್ತರ ಅಜ್ಜಿಗೂ ಇಪ್ಪತ್ತರ ಹುಡುಗಿಯ ಹಲ್ಲು. ಅದು ತಪ್ಪು ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಒಂದು ಯುಗಾದಿ ಕಳೆದ ಮೇಲೆ ಡಾಕ್ಟರು ಆಸ್ಪತ್ರೆ ಮುಚ್ಚುವುದಾಗಿ ಹೇಳಿದರು. ಅವರ ಬೆರಳಿನ ಗಂಟುಗಳು ಊದಿಕೊಂಡು ಸೂಜಿ ಹಿಡಿಯುವುದೇ ಕಷ್ಟವಾಗಿತ್ತು. ಊರಿನ ಬೇರೆ ಆಸ್ಪತ್ರೆಯವರು ಅಚ್ಚುಗಳನ್ನು ದಾವಣಗೆರೆಗೆ ಕಳಿಸುತ್ತಿದ್ದರು. ಅಲ್ಲಿ ಕಂಪ್ಯೂಟರು ನೋಡಿಕೊಂಡು ಮೆಷಿನ್ನು ಹಲ್ಲು ಕೊರೆಯುತ್ತದಂತೆ. ನನಗೆ ನಲವತ್ತಮೂರು ವರ್ಷ. ಬೇರೆ ಏನೂ ಬಾರದು.

ಕೊನೆಯ ದಿನ ಕಪಾಟು ಖಾಲಿ ಮಾಡುವಾಗ ಡಾಕ್ಟರು ಮೇಲಿನ ಅರೆಯಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಸಿದರು. ಮುಚ್ಚಳದ ಮೇಲೆ ಕಪ್ಪು ಆಕಾಶ, ಅದರಲ್ಲಿ ಹೊಟ್ಟೆ ದೊಡ್ಡದಾದ ಬೂದು ಬಣ್ಣದ ಗಗನನೌಕೆ. ಬಿಡಿ ಭಾಗಗಳನ್ನು ಅಂಟಿಸಿ ಮಾಡುವ ಮಾದರಿ, ಓದುವ ಕಾಲದಲ್ಲಿ ಆಸೆಪಟ್ಟು ಕೊಂಡಿದ್ದರಂತೆ. ಆಮೇಲೆ ಓದು, ಮದುವೆ, ಆಸ್ಪತ್ರೆ, ಒಂದಾದ ಮೇಲೊಂದು ಬಂದು ತೆರೆಯಲು ಪುರುಸೊತ್ತೇ ಸಿಗಲಿಲ್ಲವಂತೆ.

"ನನ್ನ ಕೈಲಿ ಇನ್ನು ಆಗಲ್ಲಮ್ಮ. ಇದು ನಿನ್ನ ಕೈಗೆ ಸರಿಯಾದ ಕೆಲಸ, ತಗೊಂಡು ಹೋಗು," ಎಂದರು.

ಕೆಲಸ ಕಳೆದುಕೊಂಡವಳಿಗೆ ಆಟದ ಸಾಮಾನು ಕೊಟ್ಟರಲ್ಲ ಎಂದು ನನಗೆ ಒಳಗೊಳಗೇ ಬೇಸರವಾಯಿತು. ಆದರೂ ಅವರ ಕೈಯಿಂದ ಬಂದದ್ದು ಎಂದು ಮನೆಗೆ ತಂದು ಬೀರುವಿನ ಮೇಲೆ ಇಟ್ಟೆ. ಎರಡು ತಿಂಗಳು ಅದು ಅಲ್ಲೇ ಇತ್ತು.

ಮನೆಯಲ್ಲಿ ನಾವು ಮೂರು ಜನ. ನನ್ನ ಯಜಮಾನರು ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸಿ ದರ್ಜೆ ಮಾಡಿಸುವ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಇನ್ನೊಬ್ಬರು ನನ್ನ ಮಾವ. ಅವರದು ನ್ಯಾಮತಿಯಲ್ಲಿ, ಸವಳಂಗ ರಸ್ತೆಯ ಬದಿಗೆ, ಟ್ರ್ಯಾಕ್ಟರ್ ಮತ್ತು ಟಿಲ್ಲರ್ ರಿಪೇರಿ ಮಾಡುವ ಶೆಡ್ಡು ಇತ್ತು. ಸೂರಗೊಂಡನಕೊಪ್ಪಕ್ಕೆ ಹೊರಟ ಯಾತ್ರಿಕರ ಗಾಡಿ ದಾರಿಯಲ್ಲಿ ಕೆಟ್ಟರೂ ಅವರ ಶೆಡ್ಡಿಗೇ ಎಳೆದು ತರುತ್ತಿದ್ದರು. ಮಂಡಿನೋವು ಹೆಚ್ಚಾಗಿ ಗಾಡಿಯ ಕೆಳಗೆ ಮಲಗಿ ಏಳುವುದು ಆಗದಾದಾಗ ಶೆಡ್ಡು ಬಿಟ್ಟು ನಮ್ಮ ಜೊತೆ ಬಂದರು. ಅತ್ತೆ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು.

ಮಾವ ಕೆಟ್ಟವರಲ್ಲ. ಆದರೆ ಮಾತು ಬಹಳ ಕಡಿಮೆ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಹಜಾರದ ಕುರ್ಚಿಯಲ್ಲಿ ಕೂತರೆ ಊಟಕ್ಕೆ ಕರೆಯುವ ತನಕ ಅಲ್ಲೇ. ನಾನು ಕೆಲಸಕ್ಕೆ ಹೋಗುತ್ತಿದ್ದಾಗ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಈಗ ಇಡೀ ದಿನ ಇಬ್ಬರೂ ಒಂದೇ ಮನೆಯಲ್ಲಿ. ಅವರು ಕುರ್ಚಿಯಲ್ಲಿ, ನಾನು ಅಡುಗೆಮನೆಯಲ್ಲಿ. ಇಬ್ಬರ ಕೈಗೂ ಕೆಲಸವಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ, ಯಾಕೆಂದು ಈಗಲೂ ಹೇಳಲಾರೆ, ಪೆಟ್ಟಿಗೆ ಇಳಿಸಿದೆ. ಒಳಗೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಒಂದೊಂದು ಚೌಕಟ್ಟಿಗೂ ಹತ್ತಾರು ಸಣ್ಣ ಭಾಗಗಳು ಕಾಯಿಯ ಹಾಗೆ ಅಂಟಿಕೊಂಡಿದ್ದವು. ಕಿಟಕಿಗಳು, ಕೊಳವೆಗಳು, ಇಳಿಯುವ ಕಾಲುಗಳು. ಕೆಲವು ಅಕ್ಕಿಕಾಳಿಗಿಂತ ಚಿಕ್ಕವು. ಒಂದು ಭಾಗವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದೆ. ನನ್ನ ಕೈಗೆ ಅದು ಹೊಸದಲ್ಲ ಅನ್ನಿಸಿತು. ಹಲಗೆಯಿಂದ ಹಲ್ಲು ಬಿಡಿಸುವುದೂ ಹೀಗೇ ಅಲ್ಲವೇ? ಅಟ್ಟದಿಂದ ನನ್ನ ಹಳೆಯ ಸಲಕರಣೆಗಳ ಡಬ್ಬಿ ತಂದೆ. ಸಣ್ಣ ಕಟ್ಟರ್, ಅರ, ಮೇಣ ಕೆತ್ತುವ ಚಾಕು. ಹಜಾರದ ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿ ಬರುತ್ತದೆಂದು ಅಲ್ಲೇ ಮೇಜು ಹಾಕಿಕೊಂಡೆ. ಮಾವನ ಕುರ್ಚಿ ಎದುರಿಗೇ ಇತ್ತು. ಅವರು ಒಮ್ಮೆ ನೋಡಿದರು.

ಜೋಡಿಸುವ ಕ್ರಮವನ್ನು ಚಿತ್ರದಲ್ಲಿ ಬರೆದಿದ್ದರಿಂದ ಓದಲು ಬಾರದ ಲಿಪಿಯಾದರೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ನನ್ನ ಜಂಬದಿಂದ. ಪೆಟ್ಟಿಗೆಯಲ್ಲಿದ್ದ ಅಂಟಿನ ಟ್ಯೂಬು ವರ್ಷಗಟ್ಟಲೆ ಕೂತು ಕಲ್ಲಾಗಿತ್ತು. ಬೇರೆ ಅಂಟು ತರಿಸುವ ಬದಲು, ಅಕ್ರಿಲಿಕ್ ಕಲಸಲು ನಾವು ಬಳಸುವ ದ್ರವ ನನ್ನ ಬಳಿ ಇದೆಯಲ್ಲ, ಪ್ಲಾಸ್ಟಿಕ್ಕನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು ಎಂದುಕೊಂಡೆ. ಬ್ರಶ್ಶಿನಲ್ಲಿ ಅದ್ದಿ ರೆಕ್ಕೆಯ ಅಂಚಿಗೆ ಧಾರಾಳವಾಗಿ ಹಚ್ಚಿ ಒತ್ತಿ ಹಿಡಿದೆ. ಅರೆಗಳಿಗೆಯಲ್ಲಿ ರೆಕ್ಕೆ ಬೆಣ್ಣೆಯ ಹಾಗೆ ಮೆತ್ತಗಾಯಿತು. ಕೈ ತೆಗೆದರೆ ಅಂಚು ಸೊಟ್ಟಗಾಗಿ, ಅದರ ನಡುವೆ ನನ್ನ ಹೆಬ್ಬೆರಳಿನ ಗುರುತು ಆಳವಾಗಿ ಕೂತಿತ್ತು. ಉಜ್ಜಿ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದೆ.

ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿದೆ. ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಅಳು ಬಂತು. ಒಂದು ಆಟದ ಸಾಮಾನಿಗೆ ಅಳುವ ವಯಸ್ಸಲ್ಲ ನನ್ನದು. ಆದರೆ ಇಷ್ಟು ವರ್ಷ ನನ್ನದು ಎಂದುಕೊಂಡಿದ್ದ ಒಂದೇ ವಿದ್ಯೆ ನನ್ನ ಕಣ್ಣೆದುರಿಗೇ ಕೈಕೊಟ್ಟಂತಾಗಿತ್ತು.

ನಾಲ್ಕು ದಿನ ನಾನು ಆ ಮೇಜಿನ ಕಡೆ ಹೋಗಲಿಲ್ಲ. ಐದನೆಯ ದಿನ ಕಾಫಿ ಕೊಡಲು ಹಜಾರಕ್ಕೆ ಬಂದಾಗ ಮಾವ ಕುರ್ಚಿಯಲ್ಲಿ ಇರಲಿಲ್ಲ. ನನ್ನ ಮೇಜಿನ ಮುಂದೆ ಕೂತಿದ್ದರು. ಪೆಟ್ಟಿಗೆ ತೆರೆದಿತ್ತು. ಕೆಟ್ಟ ರೆಕ್ಕೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದೇನವ್ವ ಇದು?" ಎಂದು ಕೇಳಿದರು.

ಗಗನನೌಕೆ, ನಿಜದ್ದಲ್ಲ, ಮುಂದೆ ಯಾವಾಗಲೋ ಜನ ನಕ್ಷತ್ರದಿಂದ ನಕ್ಷತ್ರಕ್ಕೆ ಸಾಮಾನು ಸಾಗಿಸುತ್ತಾರೆ ಎಂದು ಕಲ್ಪಿಸಿ ಮಾಡಿದ್ದು ಎಂದು ವಿವರಿಸಿದೆ.

"ಅಂದ್ರೆ ಲಾರಿ."

"ಹೂಂ ಮಾವ. ಲಾರಿ ಅನ್ನಬಹುದು."

"ಮತ್ತೆ ಇದಕ್ಕೆ ಯಾಕೆ ಬ್ಯಾಸರ ಮಾಡ್ಕಂಡೆ? ಲಾರಿ ಅಂದ್ಮ್ಯಾಲೆ ಏಟು ಬೀಳ್ತೈತೆ. ಇದು ಎಲ್ಲೋ ಗುದ್ದಿಸ್ಕಂಡೈತೆ, ಅಷ್ಟೆ. ಕೆಟ್ಟಿದ್ದನ್ನ ಕತ್ತರಿಸಿ ತೇಪೆ ಹೊಡಿ."

ಅವರು ನನ್ನ ಜೊತೆ ಅಷ್ಟು ಉದ್ದಕ್ಕೆ ಮಾತಾಡಿದ್ದು ಬಹುಶಃ ಅದೇ ಮೊದಲು.

ಫೋನಿನಲ್ಲಿ ಹುಡುಕಿ ಸರಿಯಾದ ಅಂಟು ತರಿಸಿದೆ. ಕರಗಿದ ಅಂಚನ್ನು ಚೌಕವಾಗಿ ಕತ್ತರಿಸಿದೆ. ಚೌಕಟ್ಟಿನ ಮೂಲೆಯಲ್ಲಿದ್ದ ಚಪ್ಪಟೆ ಪಟ್ಟಿಯಿಂದ ತುಂಡು ಮಾಡಿ ಅಲ್ಲಿಗೆ ಕೂರಿಸಿದೆ. ತೇಪೆಯ ಸುತ್ತ ರಿವೆಟ್ಟು ಬೇಕು ಎಂದು ಮಾವ ಹೇಳಿದರು. ಅದಕ್ಕೆ ನನ್ನ ವಿದ್ಯೆಯೇ ಒದಗಿತು. ತೆಳು ಬ್ರಶ್ಶಿನ ತುದಿಯಲ್ಲಿ ಅಕ್ರಿಲಿಕ್ ಪುಡಿ ಮತ್ತು ಅದೇ ದ್ರವದ ಒಂದು ಹನಿ, ಈ ಸಲ ಅಳೆದು ತೂಗಿ, ಸಾಸಿವೆಗಿಂತ ಸಣ್ಣ ಹನ್ನೆರಡು ಗುಳ್ಳೆಗಳನ್ನು ಸಾಲಾಗಿ ಇಟ್ಟೆ. ಮಾವ ಭೂತಗನ್ನಡಿ ಹಿಡಿದು ಎಣಿಸಿದರು. ಒಂದನ್ನು ತೆಗೆದುಬಿಡು ಎಂದರು. ಯಾಕೆಂದು ಕೇಳಿದ್ದಕ್ಕೆ, ಹಳೇ ಗಾಡಿಯಲ್ಲಿ ಎಲ್ಲ ರಿವೆಟ್ಟೂ ಉಳಿದಿರುವುದನ್ನು ತಾವು ಜನ್ಮದಲ್ಲಿ ನೋಡಿಲ್ಲ ಎಂದರು. ತೆಗೆದೆ.

ಆಮೇಲೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮೇಜಿಗೆ ಕೂರುವುದು ರೂಢಿಯಾಯಿತು. ಅವರ ಬೆರಳು ದಪ್ಪ, ಸಣ್ಣ ಭಾಗ ಹಿಡಿಯಲು ಬರುತ್ತಿರಲಿಲ್ಲ. ಹಾಗಾಗಿ ಜೋಡಿಸುವುದು ನಾನು, ಪ್ರಶ್ನೆ ಕೇಳುವುದು ಅವರು. ಇದಕ್ಕೆ ಡೀಸೆಲ್ ಎಲ್ಲಿ ತುಂಬುತ್ತಾರೆ? ಹೊಗೆ ಯಾವ ಕಡೆ? ಎಂಜಿನ್ನಿಗೆ ಕೈ ಹಾಕಲು ಬಾಗಿಲೆಲ್ಲಿ? ನನಗೆ ಗೊತ್ತಿಲ್ಲದ ಕಡೆ ನಾನು ಏನೋ ಒಂದು ಹೇಳುತ್ತಿದ್ದೆ. ಅವರಿಗೆ ಒಪ್ಪಿಗೆಯಾಗದಿದ್ದರೆ ತಲೆ ಅಲ್ಲಾಡಿಸಿ ತಾವೇ ಜಾಗ ಗೊತ್ತುಮಾಡುತ್ತಿದ್ದರು. ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಮೊಳದಷ್ಟು ಉದ್ದದ ನೌಕೆ ಮೂರು ಕಾಲಿನ ಮೇಲೆ ನಿಂತಿತು. ಕಾರಿಗೆ ಹೊಡೆಯುವ ಪ್ರೈಮರ್ ಡಬ್ಬಿ ತಂದು ಹಿತ್ತಲಲ್ಲಿ ತೆಳುವಾಗಿ ಹೊಡೆದೆ. ಅದು ಒಣಗಿದ ಮೇಲೆ ಮಾಸಲು ಬಿಳಿ. ತೇಪೆಗೆ ಮಾತ್ರ ಹಳದಿ ಬಳಿಯಬೇಕೆಂದು ಮಾವ ಹಟ ಹಿಡಿದರು. ಅದು ಬೇರೆ ಗಾಡಿಯಿಂದ ಕಿತ್ತು ಹಾಕಿದ್ದಂತೆ.

ಬಣ್ಣ ಮುಗಿದ ನೌಕೆ ಚೆಂದವಾಗಿತ್ತು. ಆದರೆ ಹುಟ್ಟುಹಬ್ಬದ ಕೇಕಿನ ಹಾಗಿತ್ತು. ಇಂಥ ಮಾದರಿಗಳನ್ನು ಮಾಡುವವರ ವೀಡಿಯೊ ನೋಡಿದಾಗ, ಅಲ್ಲಿಂದ ಮುಂದೆಯೇ ನಿಜವಾದ ಕೆಲಸ ಎಂದು ತಿಳಿಯಿತು. ಹೊಸ ಬಣ್ಣವನ್ನು ಹಳತು ಮಾಡಬೇಕು. ತುಕ್ಕು, ಮಸಿ, ಎಣ್ಣೆ ಸೋರಿದ ಗೆರೆ, ಸವೆತ. ಅದಕ್ಕೆಂದೇ ಪುಟ್ಟ ಪುಟ್ಟ ಬಾಟಲಿಗಳಲ್ಲಿ ಬಣ್ಣದ ನೀರು ಮಾರುತ್ತಾರೆ. ನಾನು ಅದನ್ನು ಮಾವನಿಗೆ ತೋರಿಸಿದೆ. ಜೀವನವಿಡೀ ತುಕ್ಕು ಕೆರೆದು ತೆಗೆದ ಮನುಷ್ಯ. ದುಡ್ಡು ಕೊಟ್ಟು ತುಕ್ಕು ತರುತ್ತಾರೆಯೇ ಎಂದು ಬಹಳ ಹೊತ್ತು ಅವರಿಗೆ ನಂಬಿಕೆ ಬರಲಿಲ್ಲ.

ಅದು ಅಡಿಕೆ ಸುಗ್ಗಿ ಶುರುವಾಗುವ ಕಾಲ. ಸಂಜೆ ಮಂಡಿಯಿಂದ ಬಂದ ಯಜಮಾನರ ಅಂಗಿಯ ತೋಳಿಗೆ ಕೆಂಪು ಕಲೆ ಮೆತ್ತಿತ್ತು. ಎಷ್ಟು ತಿಕ್ಕಿದರೂ ಬಿಡದ ಕಲೆ. ಒಗೆಯುವ ಕಲ್ಲಿನ ಮುಂದೆ ನಿಂತು ಅದನ್ನೇ ನೋಡಿದೆ. ಒಣಗಿದ ಚೊಗರಿನ ಬಣ್ಣ ತುಕ್ಕಿನ ಬಣ್ಣವೇ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಗಟ್ಟಿ ರಸವನ್ನು ನಮ್ಮ ಸೀಮೆಯಲ್ಲಿ ಮತ್ತೆ ಅಡಿಕೆಗೇ ಹಚ್ಚಿ ಕೆಂಪು ಏರಿಸುತ್ತಾರೆ. ಒಂದು ಬಾಟಲಿ ಚೊಗರು ತಂದುಕೊಡಿ ಎಂದೆ. ಯಜಮಾನರು ನನ್ನನ್ನೂ ಅಪ್ಪನನ್ನೂ ಒಮ್ಮೆ ನೋಡಿದರು. ಮರುದಿನ ಬಾಟಲಿ ಬಂತು.

ಚೊಗರಿಗೆ ನೀರು ಸೇರಿಸಿ ತೆಳು ಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದೆ, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆ ಮುತ್ತಾಗಿ ಉರುಳಿ ಹೋಗುತ್ತಿತ್ತು. ಬ್ರಶ್ಶು ಅದ್ದಿ ಇನ್ನೇನು ಬೆನ್ನಿನ ಮೇಲೆ ಎಳೆಯಬೇಕು, ಮಾವ ತಡೆದರು.

"ನಿಲ್ಲವ್ವ. ಮ್ಯಾಲೆ ಗಾಳಿ ಇಲ್ಲ, ನೀರೂ ಇಲ್ಲ ಅಂತಾರಲ್ಲ. ಗಾಳಿ ನೀರು ಇಲ್ದಂಗೆ ತುಕ್ಕು ಹೆಂಗೆ ಹಿಡಿತೈತೆ?"

ನನಗೆ ಹೊಳೆದಿರಲಿಲ್ಲ. ವೀಡಿಯೊದವರಿಗೂ ಹೊಳೆದಿರಲಿಲ್ಲವೆಂದು ಕಾಣುತ್ತದೆ, ಅವರು ಎಲ್ಲೆಂದರಲ್ಲಿ ತುಕ್ಕು ಸುರಿಯುತ್ತಿದ್ದರು. ಇಬ್ಬರೂ ಕೂತು ಯೋಚಿಸಿದೆವು. ಸಾಮಾನು ಇಳಿಸಲು ಅದು ಎಲ್ಲಾದರೂ ನೆಲಕ್ಕೆ ಬರಲೇಬೇಕು, ಅಲ್ಲಿ ಮಳೆ ಇರಬಹುದು ಎಂದೆ. ಹಾಗಾದರೆ ತುಕ್ಕು ಕಾಲುಗಳಿಗೆ, ಹೊಟ್ಟೆಯ ಕೆಳಗೆ, ನೀರು ನಿಲ್ಲುವ ಮೂಲೆಗಳಿಗೆ ಮಾತ್ರ ಎಂದು ತೀರ್ಮಾನವಾಯಿತು. ಬೆನ್ನಿಗೆ ಬೇಡ. ಬೆನ್ನಿಗೆ ಬಿಸಿಲಿಗೆ ಬಣ್ಣ ಹಾರಿದ ಹಾಗೆ ಇರಬೇಕು. ಹಿಂದಿನ ಕೊಳವೆಗಳಿಗೆ ಪೆನ್ಸಿಲ್ ಸೀಸ ಅರೆದು ಮಸಿ.

ನೌಕೆಯ ಬಾಗಿಲ ಪಕ್ಕದ ಹಿಡಿಗೆ ನಾನು ತುಕ್ಕು ಹಚ್ಚಿದ್ದನ್ನು ನೋಡಿ ಮಾವ ಒರೆಸಲು ಹೇಳಿದರು.

"ದಿನಾ ಕೈ ತಾಗೋ ಕಡೆ ತುಕ್ಕು ಹಿಡಿಯಂಗಿಲ್ಲ. ಹೊಳಿತೈತೆ. ನಮ್ಮ ಶೆಡ್ಡಿಗೆ ಬರೋ ಟ್ರ್ಯಾಕ್ಟ್ರು ನೋಡಿದ್ರೇನೆ ಓಡಿಸೋನು ಎಡಗೈಯವನೋ ಬಲಗೈಯವನೋ ನಂಗೆ ಗೊತ್ತಾಗ್ತಿತ್ತು. ಹತ್ತೋ ಮೆಟ್ಟಿಲು ಸವೆದಿರೋದು ನೋಡಿದ್ರೆ ಎಷ್ಟು ಭಾರದ ಆಳು ಅಂತ ಹೇಳ್ತಿದ್ದೆ. ಗಾಡಿ ಹಳೇದಾಗೋದು ಅಂದ್ರೆ ಸುಮ್ನೆ ಕೊಳಕಾಗೋದಲ್ಲವ್ವ."

ಹಿಡಿಯನ್ನು ಬೆಳ್ಳಿಬಣ್ಣದಿಂದ ಉಜ್ಜಿ ಹೊಳೆಯಿಸಿದೆ. ನೌಕೆ ಓಡಿಸುವವರು ಇಬ್ಬರು, ಒಬ್ಬಾಕೆ ಎಡಗೈಯವಳು ಎಂದು ಆವತ್ತು ನಿಶ್ಚಯವಾಯಿತು. 

ಕೊನೆಗೆ ಉಳಿದದ್ದು ಧೂಳು. ಜಗಳೂರಿನಲ್ಲಿ ನನ್ನ ನಾದಿನಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಮ್ಮು. ಅವಳು ದಸರಾ ಹಬ್ಬಕ್ಕೆ ಬರುವಾಗ ಅಲ್ಲಿಯ ಕೆಮ್ಮಣ್ಣನ್ನು ಒಂದು ಚಿಕ್ಕ ಡಬ್ಬಿಯಲ್ಲಿ ತಾ ಎಂದು ಅವಳ ಅಪ್ಪನೇ ಫೋನು ಮಾಡಿ ಹೇಳಿದರು. ಅಪ್ಪ ತಾನಾಗಿ ಫೋನು ಮಾಡಿದ್ದಕ್ಕೇ ಅವಳಿಗೆ ಗಾಬರಿ, ಮಣ್ಣು ಕೇಳಿದ್ದಕ್ಕೆ ಇನ್ನೂ ಗಾಬರಿ. ನನಗೆ ಬೇರೆಯಾಗಿ ಫೋನು ಮಾಡಿ, "ಅತ್ತಿಗೆ, ಅಪ್ಪ ಆರಾಮಿದಾರಲ್ಲ?" ಎಂದು ಕೇಳಿದಳು. ಆರಾಮಾಗಿದ್ದಾರೆ, ಮಣ್ಣು ತಾ ಎಂದೆ. ಆ ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬ್ರಶ್ಶಿನಲ್ಲಿ ಕಾಲುಗಳಿಗೂ ಹೊಟ್ಟೆಯ ಅಂಚಿಗೂ ಉದುರಿಸಿದೆವು. ಮೇಲೆ ಹೊಳಪಿಲ್ಲದ ವಾರ್ನಿಷ್ ಹೊಡೆದು ಮುಗಿಸಿದೆವು. ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಕಿಟಕಿಯ ಬೆಳಕಿನಲ್ಲಿ ಆ ನೌಕೆ ಇದೀಗ ಎಲ್ಲಿಂದಲೋ ಬಂದು ನಮ್ಮ ಮೇಜಿನ ಮೇಲೆ ಇಳಿದಂತಿತ್ತು. ಅದರ ತೂಕವೂ ಹೆಚ್ಚಾದ ಹಾಗೆ ಕಾಣುತ್ತಿತ್ತು.

ಆ ಚಳಿಗಾಲದಲ್ಲಿ ಮಾವನ ಹಲ್ಲುಗಳು ಪೂರ್ತಿ ಅಲುಗಾಡಿದವು. ವರ್ಷಗಳಿಂದ ಎಲೆಅಡಿಕೆ ಹಾಕಿ ಸವೆಸಿದ ಹಲ್ಲು. ಅನ್ನವನ್ನೂ ಮೆತ್ತಗೆ ಮಾಡಿ ಕೊಡಬೇಕಾಯಿತು. ಹೊನ್ನಾಳಿಯಲ್ಲಿ ಒಬ್ಬ ಡಾಕ್ಟರಮ್ಮ ನಿಧಾನವಾಗಿ, ನೋವಾಗದ ಹಾಗೆ ಕೀಳುತ್ತಾರೆಂದು ಕೇಳಿ ಅಲ್ಲಿಗೆ ಕರೆದುಕೊಂಡು ಹೋದೆ. ಮೂರು ನಾಲ್ಕು ಸಲ ಓಡಾಡಿ ಎಲ್ಲವನ್ನೂ ತೆಗೆಸಿದ್ದಾಯಿತು. ಒಸಡು ಮಾಯುವ ಹೊತ್ತಿಗೆ, ಸೆಟ್ಟನ್ನು ನಾನೇ ಮಾಡುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ನನ್ನ ಕೆಲಸದ ಬಗ್ಗೆ ವಿಚಾರಿಸಿ, ತಮ್ಮ ಆಸ್ಪತ್ರೆಯ ಹಿಂದೆ ಬಳಕೆಯಿಲ್ಲದೆ ಬಿದ್ದಿದ್ದ ಸಣ್ಣ ಕೋಣೆ ಬಿಟ್ಟುಕೊಟ್ಟರು.

ಅಚ್ಚಿನ ಮುಂದೆ ಕೂತು ಎಂದಿನಂತೆ ಹಲಗೆಯಿಂದ ಬಿಳಿ ಹಲ್ಲು ಬಿಡಿಸಿ ಮೇಣದಲ್ಲಿ ನಿಲ್ಲಿಸಿದೆ. ನಿಲ್ಲಿಸಿ ನೋಡಿದರೆ ಬಣ್ಣ ಬಳಿದ ಮೊದಲ ದಿನದ ನೌಕೆಯ ಹಾಗೆ ಕಂಡಿತು. ಕೈ ಮುಂದೆ ಹೋಗಲಿಲ್ಲ. ನಾಲ್ಕು ತಿಂಗಳು ಮೇಜಿನ ಎದುರಿಗೆ ಕೂತ ಬಾಯಿ ಅದು. ನನಗೆ ಅದರ ಒಂದೊಂದು ಹಲ್ಲೂ ಗೊತ್ತಿತ್ತು. ಮಾವ ಎಡಗಡೆಯೇ ಅಗಿಯುತ್ತಿದ್ದರು, ಹಾಗಾಗಿ ಆ ಕಡೆಯ ತುದಿಗಳು ಸವೆದು ಚಪ್ಪಟೆಯಾಗಿದ್ದವು. ಮುಂದಿನ ಎರಡರಲ್ಲಿ ಒಂದು ಇನ್ನೊಂದರ ಮೇಲೆ ಸ್ವಲ್ಪ ಏರಿಕೊಂಡಿತ್ತು. ತಂತಿಯನ್ನು ಕಚ್ಚಿ ಹಿಡಿಯುವ ಚಟದಿಂದ ಒಂದರ ಅಂಚು ಚೂರು ಮುರಿದಿತ್ತು. ಒಸಡಿನ ಬುಡದಲ್ಲಿ ಎಲೆಅಡಿಕೆಯ ಕಂದು ಗೆರೆ.

ಎಲ್ಲವನ್ನೂ ಕಿತ್ತು ಮತ್ತೆ ನಿಲ್ಲಿಸಿದೆ. ಒಂದನ್ನು ಇನ್ನೊಂದರ ಮೇಲೆ ಏರಿಸಿದೆ. ಎಡಗಡೆಯ ತುದಿಗಳನ್ನು ಅರದಿಂದ ತೆಗೆದೆ. ಅಕ್ರಿಲಿಕ್ಕಿಗೆ ಬೆರೆಸುವ ಕಂದು ಪುಡಿಯನ್ನು ಕೂದಲಿನಷ್ಟು ತೆಳುವಾಗಿ ಬುಡಕ್ಕೆ ಕೂರಿಸಿದೆ, ಎಲ್ಲ ಹಲ್ಲಿಗೂ ಅಲ್ಲ, ನಾಲಿಗೆ ತಲುಪದ ಕಡೆಗೆ ಮಾತ್ರ. ಮುರಿದ ಅಂಚನ್ನು ಮಾಡಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಮಾಡಿದೆ. ಡಾಕ್ಟರಮ್ಮ ನೋಡಿ, ಕಾಸು ಕೊಟ್ಟು ಯಾರಾದರೂ ಕಲೆಯ ಹಲ್ಲು ಹಾಕಿಸಿಕೊಳ್ಳುತ್ತಾರೆಯೇ ಎಂದರು. ಆದರೆ ತಡೆಯಲಿಲ್ಲ.

ಹಾಕಿ ನೋಡುವ ದಿನ ಮಾವ ಕುರ್ಚಿಯಲ್ಲಿ ಒರಗಿದ್ದರು. ಡಾಕ್ಟರಮ್ಮ ಎರಡೂ ಸೆಟ್ಟು ಕೂರಿಸಿ, ಕಚ್ಚಲು ಹೇಳಿ, ಒತ್ತುವ ಕಡೆ ಒಂದಿಷ್ಟು ಉಜ್ಜಿ ಸರಿಮಾಡಿ, ಕನ್ನಡಿ ಕೊಟ್ಟರು. ಮಾವ ಕನ್ನಡಿ ಹಿಡಿದು ತುಟಿ ಬಿಡಿಸಿದರು. ನಾಲಿಗೆಯಿಂದ ಮುರಿದ ಅಂಚನ್ನು ಮುಟ್ಟಿ ನೋಡಿಕೊಂಡರು. ಬಹಳ ಹೊತ್ತು ಕನ್ನಡಿ ಇಳಿಸಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ನೀನು ನನ್ನ ಹಲ್ಲು ಎಲ್ಲೋ ಎತ್ತಿಟ್ಟಿದ್ದೇನವ್ವ?" ಎಂದರು.

ಡಾಕ್ಟರಮ್ಮ ನಕ್ಕರು. ಮಾವ ನಗಲಿಲ್ಲ. ಅವರು ತಮಾಷೆಗೆ ಕೇಳಿರಲಿಲ್ಲ. ನಾನು ಇಲ್ಲ ಮಾವ, ಹೊಸದಾಗಿ ಮಾಡಿದ್ದು ಎಂದೆ.

ಹದಿನೈದು ದಿನದ ಮೇಲೆ ಡಾಕ್ಟರಮ್ಮನೇ ಫೋನು ಮಾಡಿದರು. ಸೂಳೆಕೆರೆ ಕಡೆಯ ಒಬ್ಬ ಅಜ್ಜಿ ಹಿಂದೆ ಮಾಡಿಸಿದ್ದ ಸೆಟ್ಟನ್ನು ಮೊಮ್ಮಕ್ಕಳು ನಗುತ್ತಾರೆಂದು ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದಾರಂತೆ, ಅವರಿಗೆ ನಿಮ್ಮ ಮಾವನಿಗೆ ಮಾಡಿದ ಹಾಗೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅಜ್ಜಿಯನ್ನು ಮೊದಲು ನಾನು ನೋಡಬೇಕು, ಅವರ ಜೊತೆ ಒಂದು ಗಂಟೆ ಕೂತು ಮಾತಾಡಬೇಕು ಎಂದೆ. ಹದಿನೆಂಟು ವರ್ಷದಲ್ಲಿ ನಾನು ಹೀಗೆ ಕೇಳಿದ್ದು ಅದೇ ಮೊದಲು. ಅಜ್ಜಿ ಬಂದರು. ಕೆರೆಯ ಮೀನಿನ ವಿಷಯ, ಸೊಸೆಯ ವಿಷಯ ಎಲ್ಲ ಹೇಳಿದರು. ನಾನು ಅವರ ತುಟಿ ಎಲ್ಲಿ ಏಳುತ್ತದೆ, ನಗುವಾಗ ಯಾವ ಕಡೆ ವಾಲುತ್ತದೆ ಎಂದು ನೋಡಿಕೊಂಡೆ. ಈಗ ವಾರದಲ್ಲಿ ನಾಲ್ಕು ದಿನ ಹೊನ್ನಾಳಿಗೆ ಹೋಗುತ್ತೇನೆ. ಆ ಸಣ್ಣ ಕೋಣೆಗೆ ಮಾವ ಬಂದು ನನ್ನ ಪಾಲಿಶ್ ಮೋಟಾರನ್ನು ಅದುರದ ಹಾಗೆ ಕೂರಿಸಿಕೊಟ್ಟಿದ್ದಾರೆ. ಕೆಲವರು ಈಗಲೂ ಬೆಳ್ಳಗಿನ ಹಲ್ಲೇ ಬೇಕೆನ್ನುತ್ತಾರೆ. ಅವರಿಗೆ ಅದನ್ನೇ ಮಾಡಿಕೊಡುತ್ತೇನೆ, ಆದರೆ ಕೇಳಿ ಮಾಡುತ್ತೇನೆ.

ಫೆಬ್ರವರಿಯಲ್ಲಿ ನಾದಿನಿಯ ಶಾಲೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ. ಅಪ್ಪನ ನೌಕೆಯನ್ನು ತಂದು ತೋರಿಸಿ ಎಂದು ಅವಳು ಕರೆದಳು. ಅದು ವಿಜ್ಞಾನವಲ್ಲ, ಬರೀ ಕಲ್ಪನೆ ಎಂದು ನಾನು ಹಿಂಜರಿದೆ. ಮಾವ ಹೋಗೋಣ ಎಂದರು. ಅಕ್ಕಿಚೀಲದಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ತುಂಬಿ, ನಡುವೆ ನೌಕೆ ಇಟ್ಟು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದೆವು. ಮಾವ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಒಳಗೇನು ಎಂದು ಕೇಳಿದ ಕಂಡಕ್ಟರಿಗೆ, "ಲಾರಿ ಐತ್ರಿ," ಎಂದರು.

ಶಾಲೆಯ ಕೋಣೆಯಲ್ಲಿ ಜ್ವಾಲಾಮುಖಿ, ಹನಿ ನೀರಾವರಿ, ಗಾಳಿಯಂತ್ರಗಳ ನಡುವೆ ನಮಗೂ ಒಂದು ಬೆಂಚು ಕೊಟ್ಟಿದ್ದರು. ಮಕ್ಕಳು ಮುತ್ತಿಕೊಂಡರು. ನಾನು ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಮಾವ ಶುರುಮಾಡಿಬಿಟ್ಟರು. ತೇಪೆ ಯಾಕೆ ಹಳದಿ, ರಿವೆಟ್ಟು ಯಾಕೆ ಒಂದು ಕಡಿಮೆ, ತುಕ್ಕು ಯಾಕೆ ಕೆಳಗೆ ಮಾತ್ರ, ಹಿಡಿ ಯಾಕೆ ಹೊಳೆಯುತ್ತದೆ. ಮೇಲೆ ಗಾಳಿಯಿಲ್ಲದಿದ್ದರೆ ತುಕ್ಕು ಹಿಡಿಯುತ್ತದೆಯೇ ಎಂದು ಅವರೇ ಮಕ್ಕಳಿಗೆ ಪ್ರಶ್ನೆ ಹಾಕಿದರು. ಮಕ್ಕಳು ವಾದ ಮಾಡಿದರು. ನಾದಿನಿ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಹಾಜರಿ ಪುಸ್ತಕ ಮರೆತು, ಅಪ್ಪನನ್ನು ನೋಡುತ್ತಿದ್ದಳು. ಅವಳು ಅವರನ್ನು ಇಷ್ಟು ಮಾತಾಡುವವರಾಗಿ ಯಾವತ್ತೂ ಕಂಡಿರಲಿಲ್ಲವಂತೆ, ಆಮೇಲೆ ಹೇಳಿದಳು.

ಗುಂಪು ಕರಗುವಾಗ ಎರಡು ಜಡೆಯ ಒಬ್ಬ ಹುಡುಗಿ ಉಳಿದಳು. ಕಿಟಕಿಯ ಗಾಜಿನೊಳಗೆ ಕಣ್ಣಿಟ್ಟು ನೋಡಿ, ಒಳಗೆ ಯಾರೂ ಇಲ್ಲವಲ್ಲ, ಇದನ್ನು ಓಡಿಸುವವರು ಎಲ್ಲಿ ಎಂದು ಕೇಳಿದಳು. ನಾನು ಮಾವನ ಮುಖ ನೋಡಿದೆ.

"ಊಟಕ್ಕೆ ಹೋಗ್ಯಾರೆ," ಎಂದರು ಮಾವ. "ನೀನೂ ಹೋಗಿ ಉಂಡು ಬಾ. ಅಷ್ಟೊತ್ತಿಗೆ ಬರ್ತಾರೆ."

ಅವಳು ಹೋದಳು. ಆಗಲೇ ಊಟದ ಗಂಟೆ ಹೊಡೆದಿತ್ತು. ಅಂಗಳದಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿದ್ದರು, ಸಾರಿನ ವಾಸನೆ ಕೋಣೆಯೊಳಗೂ ಬರುತ್ತಿತ್ತು. ಮಾವ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು, ಮಧ್ಯಾಹ್ನದ ಮೇಲೆ ಎಂಟನೇ ಕ್ಲಾಸಿನವರು ಬರುತ್ತಾರಂತೆ, ಬೇಗ ಉಂಡು ಬರೋಣ ಎಂದು ನನ್ನನ್ನು ಎಬ್ಬಿಸಿದರು.